ಬಳ್ಳಾರಿಯಲ್ಲಿ ಆಗಿದ್ದು ನಮ್ಮ ಮಕ್ಕಳಿಗೆ ಯಾಕೆ ಆಗಲಿಲ್ಲ?

ಪೋಸ್ಟು ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

"ಮಗಳು ಯಾರ ಹತ್ರನೂ ಮಾತಾಡ್ತಿಲ್ಲ, ಸ್ಕೂಲಿಗೂ ಹೋಗಲ್ಲ ಅಂತಾಳೆ, ಎಲ್ಲಿ ತೋರಿಸೋದಣ್ಣ?" ಅಂತ ಕೇಳುವ ಅಪ್ಪ ಅಮ್ಮಂದಿರು ನಮ್ಮ ಕೇರಿಗಳಲ್ಲಿ ಈಗ ಬಹಳ ಜನ. ತಾಯತ ಕಟ್ಟಿಸಿ ಆಗಿರುತ್ತೆ, ಗಾಳಿ ಬಿಡಿಸಿ ಆಗಿರುತ್ತೆ. ಕೊನೆಗೆ ಯಾರೋ "ಬೆಂಗಳೂರಿಗೆ, ನಿಮ್ಹಾನ್ಸಿಗೆ ಹೋಗಿ" ಅಂತಾರೆ. ಆ ಉತ್ತರಕ್ಕೂ ಒಂದು ಚರಿತ್ರೆ ಇದೆ.

ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆ ಇದ್ದದ್ದು ಹುಚ್ಚಾಸ್ಪತ್ರೆಗಳು, ಬೆಂಗಳೂರಲ್ಲಿ ಒಂದು, ಧಾರವಾಡದಲ್ಲಿ ಒಂದು. 1912ರ ಲೂನಸಿ ಕಾಯ್ದೆ ಪ್ರಕಾರ ಬೀದಿಯಲ್ಲಿ ಅಲೆಯೋರನ್ನ ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಸ್ವಾತಂತ್ರ್ಯ ಬಂದು ನಾಲ್ಕು ದಶಕ ಆದಮೇಲೂ ನಡೆದದ್ದು ಅದೇ ಕಾಯ್ದೆ. ಹೊಸದನ್ನು ಪಾರ್ಲಿಮೆಂಟು ಒಪ್ಪಿದ್ದು 1987ರಲ್ಲಿ. ನಮ್ಮ ಅಜ್ಜಿಯರು "ಮೆಂಟಲ್ ಆಸ್ಪತ್ರೆ" ಅಂದ್ರೆ ಇವತ್ತಿಗೂ ಬೆಚ್ಚುತ್ತಾರೆ. ಅದನ್ನ ಮೂಢನಂಬಿಕೆ ಅನ್ನೋರು ಈ ಕಾಯ್ದೆಯನ್ನ ಒಮ್ಮೆ ಓದಲಿ.

1974ರಲ್ಲಿ ಬೆಂಗಳೂರಿನ ಆ ಆಸ್ಪತ್ರೆ ಮತ್ತು ಅದರ ಪಕ್ಕದ ತರಬೇತಿ ಸಂಸ್ಥೆ ಸೇರಿ ನಿಮ್ಹಾನ್ಸ್ ಆಯ್ತು. ಅಲ್ಲಿನ ವೈದ್ಯರು ಒಳ್ಳೇ ಕೆಲಸ ಮಾಡಿದರು, ಹೇಳಲೇಬೇಕು. ಮೊದಲು ಸಕಲವಾರದ ಸುತ್ತಲ ಹಳ್ಳಿಗಳಿಗೆ ಹೋದರು. ಆಮೇಲೆ 1985ರಿಂದ 1990ರವರೆಗೆ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಮಾಮೂಲಿ ಡಾಕ್ಟರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾತ್ರೆಗಳು ಅಲ್ಲೇ ಸಿಗೋ ಹಾಗೆ ಮಾಡಿದರು. ಊರ ಹತ್ತಿರಾನೇ ಚಿಕಿತ್ಸೆ ಸಾಧ್ಯ ಅಂತ ಸಾಬೀತಾಯ್ತು. 1996ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿನೇ ಮಾದರಿ.

ಆದರೆ ಬಳ್ಳಾರಿ ಮುಖ್ಯವಾಗಿ ನೋಡಿದ್ದು ತೀವ್ರ ಮಾನಸಿಕ ಕಾಯಿಲೆ, ಮೂರ್ಛೆರೋಗ ಇಂಥವನ್ನ. ಊಟ ಬಿಟ್ಟ, ಕೈ ಕೊಯ್ದುಕೊಂಡ ಹದಿನೈದರ ಹುಡುಗಿಗೆ ಮಾತ್ರೆಗಿಂತ ಮುಂಚೆ ಕೂತು ಕೇಳೋ ಮನುಷ್ಯರು ಬೇಕು. ಅವರು ತಾಲೂಕಿಗೆ ಬರಲೇ ಇಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವಯಸ್ಸಿನವರಲ್ಲಿ ಶೇ. 7.3 ಮಕ್ಕಳಿಗೆ ತೊಂದರೆ ಇದೆ ಅಂತು. ಸಮೀಕ್ಷೆ ನಡೆಸಿದ್ದು ನಿಮ್ಹಾನ್ಸ್, ಅದು ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಮಾತ್ರ ಇಲ್ಲ!

ಒಬ್ಬ ಪೌರಕಾರ್ಮಿಕ ತಾಯಿ ಮತ್ತವರ ಮಗಳ ಜೊತೆ ನಾನೇ ಒಂದು ದೊಡ್ಡ ಆಸ್ಪತ್ರೆಗೆ ಹೋಗಿದ್ದೆ. ಎರಡು ದಿನದ ಸಂಬಳ ಹೋಯ್ತು. ನಿದ್ದೆ ಬರುತ್ತಾ, ಹಸಿವಾಗುತ್ತಾ, ಪರೀಕ್ಷೆ ಭಯನಾ, ಎಲ್ಲಾ ಕೇಳಿದರು. ಕ್ಲಾಸಲ್ಲಿ ಅವಳನ್ನ ಅವ್ವನ ಪೊರಕೆ ಹೆಸರಿಡಿದು ಕರೀತಿದ್ದದ್ದನ್ನ ಯಾರೂ ಕೇಳಲಿಲ್ಲ. ಆ ತಾಯಿ ಅದನ್ನ ನನಗೆ ಹೇಳಿದ್ದು ವಾಪಸ್ ಬರ್ತಾ, ಬಸ್ ಸ್ಟ್ಯಾಂಡಲ್ಲಿ. ಕೇಸ್ ಶೀಟಲ್ಲಿ ಜಾತಿಯ ಗಾಯಕ್ಕೆ ಕಾಲಂ ಇಲ್ಲ.

ಕಾಯ್ದೆಯಲ್ಲಿ ಮಾತ್ರ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ತೆಗೆದು ನೋಡಿ. ಜಾತಿಯ ಆಧಾರದ ಮೇಲೆ ತಾರತಮ್ಯ ಮಾಡೋ ಹಾಗಿಲ್ಲ. ಮಕ್ಕಳಿಗೆ ಪ್ರತ್ಯೇಕ ಸೇವೆ ಇರಬೇಕು. ಚಿಕಿತ್ಸೆಗಾಗಿ ಯಾರೂ ದೂರ ಅಲೆಯೋ ಹಾಗಾಗಬಾರದು, ಮಕ್ಕಳೂ ಸೇರಿ. ಬಡತನ ರೇಖೆಗಿಂತ ಕೆಳಗಿನವರಿಗೆ, ಕೈಯಲ್ಲಿ ಬಿಪಿಎಲ್ ಕಾರ್ಡು ಇಲ್ಲದಿದ್ದರೂ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. 1912ರ ಕಾಯ್ದೆಯಲ್ಲಿ ಪೊಲೀಸರು ಬಂದು ಹಿಡೀತಿದ್ದರು, ಈಗ ನಾವೇ ಸರ್ಕಾರವನ್ನ ಹಿಡಿದು ಕೇಳಬಹುದು.

ರಾತ್ರಿ ಹೊತ್ತು ಮಗುವನ್ನ ನೋಡಿ ಭಯ ಆದರೆ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಕಾಸಿಲ್ಲ. ಹಗಲು ಹೊತ್ತು ಜಿಲ್ಲಾ ಆರೋಗ್ಯಾಧಿಕಾರಿಗೆ ಮಾಹಿತಿ ಹಕ್ಕಿನಲ್ಲಿ ಒಂದೇ ಪ್ರಶ್ನೆ ಹಾಕಿ: ನಮ್ಮ ಜಿಲ್ಲೆಯಲ್ಲಿ ಮಕ್ಕಳ ಮಾನಸಿಕ ಆರೋಗ್ಯ ಸೇವೆ ಎಲ್ಲಿದೆ, ವಾರದಲ್ಲಿ ಎಷ್ಟು ದಿನ? ಅರ್ಜಿ ಮಾದರಿ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಕಳಿಸ್ತೀನಿ.