೧೯೭೭ರ ಮಹಾಚುನಾವಣೆಯೂ ಕರಾವಳಿಯ ಗೇಣಿದಾರರೂ: ಒಂದು ಸಮೀಕ್ಷೆ

೧

ಸ್ವತಂತ್ರ ಭಾರತದ ರಾಜಕೀಯ ಇತಿಹಾಸದಲ್ಲಿ ೧೯೭೭ರ ಮಾರ್ಚ್ ತಿಂಗಳ ಮಹಾಚುನಾವಣೆಯು ಸರ್ವಾಧಿಕಾರಕ್ಕೆ ಮತದಾರನು ಕೊಟ್ಟ ಉತ್ತರವೆಂದು ಪ್ರಸಿದ್ಧವಾಗಿದೆ. ೧೯೭೫ರ ಜೂನ್ ೨೫ರಂದು ಘೋಷಿತವಾದ ತುರ್ತು ಪರಿಸ್ಥಿತಿಯು ಇಪ್ಪತ್ತೊಂದು ತಿಂಗಳ ಕಾಲ ದೇಶವನ್ನು ಆವರಿಸಿಕೊಂಡಿದ್ದಿತು. ಲಕ್ಷಕ್ಕೂ ಮಿಕ್ಕ ಜನರು ವಿಚಾರಣೆಯಿಲ್ಲದೆಯೋ ಭದ್ರತಾ ನಿಯಮಗಳ ಅನ್ವಯವಾಗಿಯೋ ಸೆರೆ ಸೇರಿದರು. ಪತ್ರಿಕೆಗಳು ಪೂರ್ವಪರಿಶೀಲನೆಗೆ ಒಳಗಾದುವು. ಚುನಾವಣೆ ಬಂದಾಗ ಉತ್ತರಪ್ರದೇಶದ ೮೫ ಸ್ಥಾನಗಳಲ್ಲಿಯೂ ಬಿಹಾರದ ೫೪ ಸ್ಥಾನಗಳಲ್ಲಿಯೂ ಆಡಳಿತ ಪಕ್ಷಕ್ಕೆ ಒಂದೂ ದಕ್ಕಲಿಲ್ಲ.

ಕರ್ನಾಟಕದ ಫಲಿತಾಂಶವಾದರೋ ಇದಕ್ಕೆ ತೀರ ವಿರುದ್ಧವಾಗಿದ್ದಿತು. ಇಲ್ಲಿನ ೨೮ ಸ್ಥಾನಗಳಲ್ಲಿ ೨೬ನ್ನು ಕಾಂಗ್ರೆಸ್ ಪಕ್ಷವೇ ಗಳಿಸಿತು. ಉಡುಪಿಯಿಂದ ಮಣಿಪಾಲದ ಟಿ. ಎ. ಪೈ ಅವರೂ ಮಂಗಳೂರಿನಿಂದ ಜನಾರ್ದನ ಪೂಜಾರಿಯವರೂ ಆ ಪಕ್ಷದ ಅಭ್ಯರ್ಥಿಗಳಾಗಿ ಆರಿಸಿಬಂದರು. ಸಾಕ್ಷರತೆ, ಪತ್ರಿಕಾವಾಚನ, ಸಹಕಾರ ಸಂಘಗಳ ಅನುಭವ ಮೊದಲಾದುವುಗಳಲ್ಲಿ ಮುಂದುವರಿದಿದ್ದ ದಕ್ಷಿಣ ಕನ್ನಡ ಜಿಲ್ಲೆಯು ಪ್ರಜಾಪ್ರಭುತ್ವದ ಕರೆಗೆ ಓಗೊಡಲಿಲ್ಲವೆ? ದಕ್ಷಿಣದಲ್ಲಿ ತುರ್ತು ಪರಿಸ್ಥಿತಿಯ ಬಾಧೆ ಅಷ್ಟಾಗಿ ತಟ್ಟಲಿಲ್ಲವೆಂಬ ರೂಢಿಯ ಉತ್ತರವು ಸುಳ್ಳಲ್ಲ. ಆದರೆ ಅದು ಪೂರ್ಣವೂ ಅಲ್ಲ. ಜನರ ಮುಂದೆ ಇಡಲಾದ ಎರಡು ಸಂದೇಶಗಳ ಸ್ವರೂಪವನ್ನೂ ಅವು ಬಿದ್ದ ನೆಲದ ಗುಣವನ್ನೂ ಕೂಡಿಯೇ ಪರಿಶೀಲಿಸಬೇಕೆಂಬುದು ಪ್ರಕೃತ ಲೇಖನದ ಅಭಿಪ್ರಾಯ.

೨

ಅಂದು ಉಡುಪಿ ತಾಲೂಕಿಗೆ ಸೇರಿದ್ದು ೨೦೧೮ರಿಂದ ಕಾಪು ತಾಲೂಕಿನಲ್ಲಿರುವ ಶಿರ್ವದಂತಹ ಗ್ರಾಮವನ್ನು ಮನಸ್ಸಿಗೆ ತಂದುಕೊಂಡರೆ ವಿಷಯ ಸುಲಭವಾಗುತ್ತದೆ. ಕರಾವಳಿಯ ಗ್ರಾಮಗಳಲ್ಲಿ ಬೈಲು, ಮಜಲು, ಬೆಟ್ಟು ಎಂದು ಮೂರು ತೆರನಾದ ಗದ್ದೆಗಳುಂಟು. ಇವುಗಳಲ್ಲಿ ಬಹುಭಾಗವನ್ನು ಉಳುತ್ತಿದ್ದವರು ಒಡೆಯರಲ್ಲ, ಒಕ್ಕಲುಗಳು. ಮೂಲಗೇಣಿಯವನಿಗೆ ಶಾಶ್ವತವಾದ ಹಕ್ಕಿದ್ದಿತು. ವಾಯಿದೆಗೇಣಿಯವನಿಗೆ ಅವಧಿಯ ರಕ್ಷಣೆಯಿದ್ದಿತು. ಚಾಲಗೇಣಿಯವನಿಗೆ ಮಾತ್ರ ಧಣಿಯ ಮರ್ಜಿಯೇ ಆಧಾರ. ಅಕ್ಕಿಯ ಮುಡಿಗಳನ್ನು ವರ್ಷಂಪ್ರತಿ ಅಳೆದು ಕೊಟ್ಟರೂ ಮುಂದಿನ ಏಣಿಲು ಬೆಳೆಗೆ ಅದೇ ಗದ್ದೆ ತನಗೆ ಸಿಕ್ಕೀತೆಂಬ ಭರವಸೆ ಅವನಿಗೆ ಇರಲಿಲ್ಲ.

೧೯೭೪ರ ಮಾರ್ಚ್ ೧ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಈ ವ್ಯವಸ್ಥೆಯನ್ನು ಬುಡಸಹಿತ ಅಲುಗಿಸಿತು. ಗೇಣಿಯ ಭೂಮಿಯೆಲ್ಲವೂ ಅಂದಿನಿಂದ ಸರಕಾರದಲ್ಲಿ ನಿಹಿತವಾಯಿತು. ಸಾಗುವಳಿದಾರನು ಏಳನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು; ತಾಲೂಕಿನ ಭೂನ್ಯಾಯ ಮಂಡಲಿಯು ವಿಚಾರಿಸಿ ಅವನಿಗೆ ಅಧಿಭೋಗದ ಹಕ್ಕನ್ನು ಕೊಡಬೇಕು. ಕರಾವಳಿಯ ಜನರು ಈ ಅರ್ಜಿಯನ್ನು ‘ಡಿಕ್ಲರೇಶನ್’ ಎಂದೇ ಕರೆದರು. ಅಸಿಸ್ಟೆಂಟ್ ಕಮಿಷನರರ ಅಧ್ಯಕ್ಷತೆಯ ಈ ಮಂಡಲಿಯಲ್ಲಿ ಸರಕಾರ ನಾಮಕರಣ ಮಾಡಿದ ಸದಸ್ಯರಿದ್ದರು. ಅದರ ಮುಂದೆ ವಕೀಲರು ಹಾಜರಾಗಲು ಅವಕಾಶವಿರಲಿಲ್ಲ. ಇದು ಬಡ ಗೇಣಿದಾರನಿಗೆ ಅನುಕೂಲವಾಗಿಯೇ ಕಂಡಿತು. ಏಕೆಂದರೆ ನ್ಯಾಯಾಲಯವೆಂದರೆ ಹಣವುಳ್ಳವನು ಗೆಲ್ಲುವ ಸ್ಥಳವೆಂದೇ ಅವನ ಹಿಂದಿನ ಅನುಭವ ಹೇಳುತ್ತಿದ್ದಿತು.

ಆದುದರಿಂದ ದೇವರಾಜ ಅರಸರ ಸರಕಾರದ ಸಂದೇಶಕ್ಕೆ ವ್ಯಾಖ್ಯಾನದ ಅಗತ್ಯವಿರಲಿಲ್ಲ. ಉಳುವವನೇ ಹೊಲದೊಡೆಯನೆಂಬ ಮಾತು ಸಂಕ್ಷಿಪ್ತವಾದುದರಿಂದ ಮಾತ್ರ ಜನರಿಗೆ ಅರ್ಥವಾಯಿತೆಂದು ತಿಳಿಯಬಾರದು. ಆ ಮಾತಿನ ಬೆನ್ನಿಗೆ ಒಂದು ಕಾಯಿದೆ, ಒಂದು ಕಚೇರಿ, ತನ್ನ ಹೆಸರು ಬರೆದಿರುವ ಒಂದು ಕಾಗದ ಇದ್ದುವು. ೧೯೭೬ರ ಋಣಪರಿಹಾರ ಕಾಯಿದೆಯೂ ಇದಕ್ಕೆ ಕೂಡಿಕೊಂಡಿತು. ಇನ್ನೊಂದು ಅಂಶವನ್ನೂ ಗಮನಿಸಬೇಕು. ಅರ್ಜಿಗಳಲ್ಲಿ ಅನೇಕವು ೧೯೭೭ರ ಚುನಾವಣೆಯ ಹೊತ್ತಿಗೆ ಇನ್ನೂ ತೀರ್ಮಾನವಾಗಿರಲಿಲ್ಲ. ಅರ್ಜಿಯ ಗಡುವನ್ನೇ ಮುಂದೆ ೧೯೭೯ರ ಜೂನ್ ೩೦ರವರೆಗೆ ವಿಸ್ತರಿಸಲಾಯಿತು. ಅರ್ಧ ದೊರೆತ ಭೂಮಿಯನ್ನು ಕೈಯಲ್ಲಿ ಹಿಡಿದಿದ್ದ ಮತದಾರನು ಸರಕಾರದ ಬದಲಾವಣೆಗೆ ಅಂಜಿದ್ದು ಅಸಹಜವಲ್ಲ.

೩

ಹಾಗೆಂದು ಸ್ವಾತಂತ್ರ್ಯಹರಣವು ಈ ನಾಡಿಗೆ ಅಪರಿಚಿತವಾಗಿದ್ದಿತೆಂದು ಹೇಳುವಂತಿಲ್ಲ. ಸಂಸದೀಯ ಸಮಿತಿಯ ಕಾರ್ಯಕ್ಕಾಗಿ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮೊದಲಾದವರು ೧೯೭೫ರ ಜೂನ್ ೨೬ರಂದು ಅಲ್ಲಿಯೇ ಬಂಧಿತರಾದರು. ಅವರ ಅರ್ಜಿಗಳು ಕರ್ನಾಟಕದ ಉಚ್ಚ ನ್ಯಾಯಾಲಯದ ಮುಂದೆ ಬಂದುವು. ೧೯೭೬ರ ಏಪ್ರಿಲ್ ೨೮ರಂದು ಸರ್ವೋಚ್ಚ ನ್ಯಾಯಾಲಯವು, ತುರ್ತು ಪರಿಸ್ಥಿತಿಯಲ್ಲಿ ಬಂಧಿತನು ತನ್ನ ಬಿಡುಗಡೆಗಾಗಿ ನ್ಯಾಯಾಲಯದ ಮೊರೆಹೋಗುವ ಹಕ್ಕನ್ನು ಕಳೆದುಕೊಳ್ಳುತ್ತಾನೆಂದು ಬಹುಮತದಿಂದ ತೀರ್ಪಿತ್ತಿತು, ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಸೂಚಿಸಿದರು. ಅದೇ ವರ್ಷ ಕರ್ನಾಟಕದ ನ್ಯಾಯಮೂರ್ತಿಗಳಾದ ಚಂದ್ರಶೇಖರ್ ಮತ್ತು ಸದಾನಂದಸ್ವಾಮಿ ಅವರು ದೂರದ ನ್ಯಾಯಾಲಯಗಳಿಗೆ ವರ್ಗಗೊಂಡರು.

ಕರಾವಳಿಯವರಿಗೂ ಈ ಕಾಲದ ಪೆಟ್ಟು ತಟ್ಟದೆ ಇರಲಿಲ್ಲ. ಉಡುಪಿ ಪುರಸಭೆಯ ಅಧ್ಯಕ್ಷ ಪದವಿಯಿಂದ ಊರಿಗೆಲ್ಲ ಪರಿಚಿತರಾಗಿದ್ದ ವೈದ್ಯ ವಿ. ಎಸ್. ಆಚಾರ್ಯರು ಸೆರೆಮನೆಯಲ್ಲಿದ್ದರು. ಮಂಗಳೂರಿನಲ್ಲಿ ಜನಿಸಿದ ಜಾರ್ಜ್ ಫರ್ನಾಂಡಿಸರ ಸುಳಿವು ತಿಳಿಯುವುದಕ್ಕಾಗಿ ಅವರ ಸಹೋದರ ಲಾರೆನ್ಸ್‌ರನ್ನು ೧೯೭೬ರ ಮೇ ತಿಂಗಳ ಆರಂಭದಲ್ಲಿ ಬೆಂಗಳೂರಿನಲ್ಲಿ ಹಿಡಿದು ಚಿತ್ರಹಿಂಸೆಗೆ ಗುರಿಮಾಡಲಾಯಿತು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಕಾರಾಗೃಹದಲ್ಲಿ ಉಬ್ಬಸದಿಂದ ನರಳಿ, ೧೯೭೭ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ನಿಧನ ಹೊಂದಿದರು. ಶಿವರಾಮ ಕಾರಂತರು ತಮಗೆ ಬಂದಿದ್ದ ಪದ್ಮಭೂಷಣ ಪ್ರಶಸ್ತಿಯನ್ನು ಹಿಂದಿರುಗಿಸಿದರು.

ಇಂತಹ ಘಟನೆಗಳು ಪತ್ರಿಕೆಗಳ ಮೂಲಕ ಹಳ್ಳಿಗೆ ತಲುಪುವ ದಾರಿಯನ್ನೇ ಪೂರ್ವಪರಿಶೀಲನೆಯು ಮುಚ್ಚಿದ್ದಿತು. ಸುದ್ದಿ ತಿಳಿಯದವನಿಗೆ ಅನ್ಯಾಯದ ಅರಿವು ಎಲ್ಲಿಂದ ಬರಬೇಕು? ಸರ್ವಾಧಿಕಾರದ ಮೊದಲನೆಯ ರಕ್ಷಣೆ ಅದರ ಸೆರೆಮನೆಯಲ್ಲ, ಅದರ ಮೌನ. ೧೯೭೭ರ ಜನವರಿ ೧೮ರಂದು ಚುನಾವಣೆಯ ಪ್ರಕಟಣೆಯಾಯಿತು; ಜನವರಿ ೨೩ರಂದು ಜನತಾ ಪಕ್ಷ ರೂಪುಗೊಂಡಿತು; ಮತದಾನಕ್ಕೆ ಉಳಿದಿದ್ದುದು ಎರಡು ತಿಂಗಳಿಗಿಂತ ಕಡಮೆ. ಹತ್ತೊಂಬತ್ತು ತಿಂಗಳು ಅಡಗಿದ್ದ ಸುದ್ದಿಯನ್ನು ಅಷ್ಟರಲ್ಲಿ ಹೇಳಿ ಮುಗಿಸಬೇಕಾಗಿದ್ದಿತು.

೪

ಅದೇ ಸಂದೇಶವು ಬಿಹಾರದ ಮುಜಫರ್‌ಪುರದಲ್ಲಿ ಹೇಗೆ ಫಲಿಸಿತೆಂಬುದನ್ನು ನೋಡಿದರೆ ನಮ್ಮ ಪ್ರಶ್ನೆಗೆ ಬೆಳಕು ದೊರೆಯುತ್ತದೆ. ಜಾರ್ಜ್ ಫರ್ನಾಂಡಿಸರು ಸೆರೆಯಲ್ಲಿದ್ದುಕೊಂಡೇ ಅಲ್ಲಿ ಸ್ಪರ್ಧಿಸಿದರು. ಬೇಡಿ ತೊಡಿಸಿದ ಕೈಯನ್ನು ಮೇಲೆತ್ತಿದ ಅವರ ಛಾಯಾಚಿತ್ರವೇ ಅವರ ಪರವಾಗಿ ಭಾಷಣ ಮಾಡಿತು. ಮೂರು ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಉತ್ತರ ಹಿಂದೂಸ್ಥಾನದಲ್ಲಿ ಬಲಾತ್ಕಾರದ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಮನೆಗಳ ನೆಲಸಮವೂ ಸರ್ವಾಧಿಕಾರವನ್ನು ಪ್ರತಿಯೊಬ್ಬನ ಹೊಸ್ತಿಲಿಗೆ ತಂದಿದ್ದುವು. ಆ ಬೇಡಿಯಲ್ಲಿ ಅಲ್ಲಿನ ಮತದಾರನು ತನ್ನ ಕೈಯನ್ನೇ ಕಂಡನು. ಅವರ ಹುಟ್ಟೂರಿನ ಗೇಣಿದಾರನಿಗೆ ಅದು ಬೇರೆಯವರ ಕೈಯಾಗಿ ಉಳಿಯಿತು.

ಜನತಾ ಪಕ್ಷದ ಪ್ರಣಾಳಿಕೆಯು ಅನ್ನವೂ ಬೇಕು, ಸ್ವಾತಂತ್ರ್ಯವೂ ಬೇಕೆಂದು ಸಾರಿದ್ದುದು ನಿಜ. ನೇಗಿಲು ಹೊತ್ತ ರೈತನ ಚಿಹ್ನೆಯೂ ಅದಕ್ಕೆ ಇದ್ದಿತು. ಆದರೆ ಕರ್ನಾಟಕದಲ್ಲಿ ಆ ಪಕ್ಷದ ಮುಂದಾಳುಗಳಲ್ಲಿ ಹಲವರು ಅರಸರ ಸುಧಾರಣೆಗೆ ಪೂರ್ವದ ಆಡಳಿತಕ್ಕೆ ಸೇರಿದ್ದ ಸಂಸ್ಥಾ ಕಾಂಗ್ರೆಸ್ಸಿನವರು. ಭೂಮಿಯನ್ನು ಕಳೆದುಕೊಂಡವರಲ್ಲಿ ದೊಡ್ಡ ಧಣಿಗಳಂತೆ, ಮುಂಬಯಿಯಲ್ಲಿ ದುಡಿಯುತ್ತ ಊರಿನ ತುಂಡು ಗದ್ದೆಯನ್ನು ಗೇಣಿಗೆ ಕೊಟ್ಟಿದ್ದ ಸಣ್ಣವರೂ ಇದ್ದರು. ಅವರ ದುಃಖ ಕೃತಕವಾದುದಲ್ಲ. ಆದರೆ ಅವರ ಅಸಮಾಧಾನ ಪ್ರತಿಪಕ್ಷದ ಕಡೆಗೆ ವಾಲಿದಷ್ಟೂ ಪ್ರಜಾಪ್ರಭುತ್ವದ ಕರೆಯು ಒಕ್ಕಲಿನ ಕಿವಿಗೆ ಧಣಿಯ ಕರೆಯಂತೆ ಕೇಳಿಸಿತು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿ ಭಾಷೆಯನ್ನೋ ಆಡುವ ಜನರಿಗೆ ‘ಸರ್ವಾಧಿಕಾರ’, ‘ಸಂವಿಧಾನಾತ್ಮಕ ಹಕ್ಕು’ ಮುಂತಾದ ಪದಗಳು ಪುಸ್ತಕದ ಮಾತುಗಳು. ‘ಡಿಕ್ಲರೇಶನ್’ ಎಂಬ ಇಂಗ್ಲಿಷ್ ಪದವಾದರೋ ಮನೆಮಾತೇ ಆಗಿಬಿಟ್ಟಿದ್ದಿತು. ಶಬ್ದದ ಸುಲಭತೆ ಅದರ ಮೂಲದಲ್ಲಿಲ್ಲ, ಅದು ಬದುಕಿಗೆ ಎಷ್ಟು ಹತ್ತಿರವಾಗಿದೆ ಎಂಬುದರಲ್ಲಿದೆ.

ಗೇಣಿದಾರನಿಗೆ ನೇರವಾಗಿ ತಟ್ಟಬಹುದಾಗಿದ್ದ ಒಂದು ವಾದವು ಇದ್ದೇ ಇದ್ದಿತು. ಭೂನ್ಯಾಯ ಮಂಡಲಿಯ ತೀರ್ಪಿನ ಮೇಲೆ ಆಗ ಅಪೀಲಿಗೆ ಅವಕಾಶವಿರಲಿಲ್ಲ. ಅರ್ಜಿ ತಿರಸ್ಕೃತವಾದರೆ ಉಳಿದ ಬಾಗಿಲು ಉಚ್ಚ ನ್ಯಾಯಾಲಯದ ರಿಟ್ ಅಧಿಕಾರವೊಂದೇ. ೧೯೭೬ರ ನಲವತ್ತೆರಡನೆಯ ತಿದ್ದುಪಡಿಯು ಆ ಬಾಗಿಲನ್ನೇ ಕಿರಿದುಗೊಳಿಸಿತು. ಎಂದರೆ, ಸರಕಾರ ನೇಮಿಸಿದವರು ಕೊಡುವ ಭೂಮಿಯನ್ನು ಸರಕಾರ ನೇಮಿಸಿದವರೇ ನಿರಾಕರಿಸಿದರೆ ಒಕ್ಕಲು ಕೇಳಬೇಕಾದುದು ಯಾರನ್ನು? ಈ ಪ್ರಶ್ನೆ ಅಂದಿನ ಪ್ರಚಾರದ ಮುಖ್ಯ ಸ್ವರವಾಗಲಿಲ್ಲ. ಸ್ವಾತಂತ್ರ್ಯವನ್ನು ಬಂಧಿತ ನಾಯಕರ ಸಂಕಟವಾಗಿ ವರ್ಣಿಸಲಾಯಿತೇ ಹೊರತು, ಗದ್ದೆಯ ಹಕ್ಕಿಗೆ ಬೇಕಾದ ಬೇಲಿಯಾಗಿ ತೋರಿಸಲಾಗಲಿಲ್ಲ.

ಇಷ್ಟಾದರೂ ಸಂದೇಶವು ಸಂಪೂರ್ಣ ನಿಷ್ಫಲವಾಯಿತೆಂದು ತಿಳಿಯುವುದು ತಪ್ಪು. ರಾಜ್ಯದಲ್ಲಿ ನೂರಕ್ಕೆ ಸುಮಾರು ೫೭ ಮತಗಳು ಕಾಂಗ್ರೆಸ್ಸಿಗೆ ಬಂದರೆ, ಸುಮಾರು ೪೦ ಮತಗಳು ಜನತಾ ಪಕ್ಷಕ್ಕೆ ಬಿದ್ದುವು. ಸ್ಥಾನಗಳ ಲೆಕ್ಕ ಈ ದೊಡ್ಡ ಅಲ್ಪಸಂಖ್ಯೆಯನ್ನು ಮರೆಮಾಡುತ್ತದೆ.

೫

ಭೂಮಿಯ ಹಕ್ಕೂ ವ್ಯಕ್ತಿಸ್ವಾತಂತ್ರ್ಯವೂ ಪರಸ್ಪರ ವಿರೋಧಿಗಳೆಂಬ ಭಾವನೆಯೇ ಈ ಚುನಾವಣೆಯ ತಿರುಳಾದರೆ, ಆ ಭಾವನೆ ಎಷ್ಟು ಅಸ್ಥಿರವಾದುದೆಂಬುದಕ್ಕೆ ಇದೇ ಕರಾವಳಿಯಲ್ಲಿ ಸಾಕ್ಷ್ಯವುಂಟು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣೆಯ ವಿರುದ್ಧ ಹೂಡಿದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯದ ಹದಿಮೂವರು ನ್ಯಾಯಮೂರ್ತಿಗಳು ೧೯೭೩ರ ಏಪ್ರಿಲ್ ೨೪ರಂದು ತೀರ್ಪಿತ್ತರು. ಕೇರಳದ ಭೂಸುಧಾರಣಾ ಕಾಯಿದೆಗಳಿಗೆ ರಕ್ಷಣೆ ಕೊಟ್ಟಿದ್ದ ತಿದ್ದುಪಡಿಯು ಊರ್ಜಿತವಾಗಿ ನಿಂತಿತು. ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತು ಕೆಡಿಸಲಾಗದೆಂಬ ತತ್ತ್ವವೂ ನಿಂತಿತು. ಬಹುಮತಕ್ಕೆ ಸೇರಿದ್ದ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರು ಕಾರ್ಕಳ ತಾಲೂಕಿನ ಕೌಡೂರಿನವರು. ತೀರ್ಪಿನ ಬೆನ್ನಿಗೇ ಅವರನ್ನೂ ಇನ್ನಿಬ್ಬರನ್ನೂ ಹಿಂದಿಕ್ಕಿ ಕಿರಿಯರೊಬ್ಬರಿಗೆ ಮುಖ್ಯ ನ್ಯಾಯಮೂರ್ತಿಯ ಸ್ಥಾನವನ್ನು ಕೊಟ್ಟಾಗ ಅವರು ರಾಜೀನಾಮೆಯಿತ್ತರು.

೧೯೭೭ರಲ್ಲಿ ಕರ್ನಾಟಕದಿಂದ ಗೆದ್ದ ಇಬ್ಬರು ಜನತಾ ಸದಸ್ಯರಲ್ಲಿ ಒಬ್ಬರು ಹಾಸನದ ನಂಜೇಶಗೌಡರು, ಇನ್ನೊಬ್ಬರು ಇದೇ ಹೆಗ್ಡೆಯವರು. ಆದರೆ ಅವರು ಆರಿಸಿಬಂದುದು ತಮ್ಮ ಕರಾವಳಿಯಿಂದಲ್ಲ, ಬೆಂಗಳೂರು ದಕ್ಷಿಣದಿಂದ. ಅವರು ಲೋಕಸಭೆಯ ಅಧ್ಯಕ್ಷರಾಗಿದ್ದಾಗಲೇ ೧೯೭೮ರಲ್ಲಿ ನಲವತ್ತನಾಲ್ಕನೆಯ ತಿದ್ದುಪಡಿ ಅಂಗೀಕಾರವಾಯಿತು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡಲಾಗದೆಂದು ಅದು ವಿಧಿಸಿತು. ರಿಟ್ ಅಧಿಕಾರವನ್ನು ಮರಳಿ ವಿಸ್ತರಿಸಿತು. ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆಯಿತು. ಬಂಧಿತನ ಬಿಡುಗಡೆಯೂ ಒಕ್ಕಲಿನ ಭೂಮಿಯೂ ಒಂದೇ ಶಾಸನದಲ್ಲಿ ರಕ್ಷಣೆ ಪಡೆದುವು. ಉಡುಪಿಯ ಮತದಾರರು ಆರಿಸಿದ ಟಿ. ಎ. ಪೈ ಅವರೇ ಶಾ ಆಯೋಗದ ಮುಂದೆ, ಮಾರುತಿ ಸಂಸ್ಥೆಯ ಕುರಿತ ಸಂಸತ್ ಪ್ರಶ್ನೆಗೆ ಮಾಹಿತಿ ಕೂಡಿಸಿದ ಅಧಿಕಾರಿಗಳು ೧೯೭೫ರಲ್ಲಿ ಪಟ್ಟ ಪಾಡಿನ ಬಗ್ಗೆ ಸಾಕ್ಷ್ಯ ನುಡಿದುದು ಇಲ್ಲಿ ಸ್ಮರಣೀಯ.

ಮುಂದೆ ೧೯೮೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಭೂಸುಧಾರಣೆಯನ್ನು ಎತ್ತಿಹಿಡಿದು, ವಕೀಲರ ಮೇಲಿನ ನಿರ್ಬಂಧವನ್ನಷ್ಟೇ ತೆಗೆದುಹಾಕಿತು. ಅದೇ ವರ್ಷ ೧೯೮೩ರ ಕಾಯಿದೆಯ ಪ್ರಕಾರ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯಿತಿಗಳ ಚುನಾವಣೆಗಳು ನಡೆದುವು. ನಜೀರ್ ಸಾಬರು ಮಂತ್ರಿಯಾಗಿ ಹಳ್ಳಿಹಳ್ಳಿಗೆ ಕೊಳವೆ ಬಾವಿಯನ್ನು ಒದಗಿಸಿ ‘ನೀರ್ ಸಾಬ್’ ಎನಿಸಿಕೊಂಡರು. ವಿರೋಧಪಕ್ಷದಲ್ಲಿದ್ದಾಗ ತತ್ತ್ವವಾಗಿ ಕೇಳಿಸಿದ ಪ್ರಜಾಪ್ರಭುತ್ವವು ಈಗ ಮನೆಯ ಹತ್ತಿರದ ನೀರಾಗಿ, ಹೆಂಗಸರಿಗೂ ಮೀಸಲಾದ ಸ್ಥಾನವಾಗಿ ಕಂಡಿತು.

೬

ಮೇಲ್ಕಂಡ ವಿಚಾರಗಳಿಂದ ೧೯೭೭ರ ಕರಾವಳಿಯ ಮತವನ್ನು ಸರ್ವಾಧಿಕಾರದ ಸಮರ್ಥನೆಯೆಂದು ಓದುವುದು ಅನುಚಿತವೆಂದು ಸ್ಪಷ್ಟವಾಗುತ್ತದೆ. ಗೇಣಿದಾರನು ತನಗೆ ತಿಳಿದಷ್ಟರಲ್ಲಿ ವಿವೇಕಯುತವಾಗಿಯೇ ಮತವಿತ್ತನು. ಅವನಿಗೆ ಎಲ್ಲವನ್ನೂ ತಿಳಿಯಗೊಡದ ದೋಷ ಆಳಿದವರದು. ತಿಳಿದುದನ್ನು ಅವನ ಬಾಳಿಗೆ ಹೊಂದಿಸಿ ಹೇಳದ ಕೊರತೆ ವಿರೋಧಿಸಿದವರದು.

ಪ್ರಜಾಪ್ರಭುತ್ವವನ್ನು ಕಾಪಾಡಬಯಸುವವರು ಸರ್ವಾಧಿಕಾರವನ್ನು ನಿಂದಿಸಿದರೆ ಸಾಲದು. ತನಗೆ ದೊರೆತುದನ್ನು ನಾಳೆ ಯಾರಾದರೂ ಕಿತ್ತುಕೊಂಡರೆ ಎಲ್ಲಿ ಹೋಗಿ ಕೇಳಬೇಕೆಂಬ ಪ್ರಶ್ನೆಯನ್ನು ಸಾಮಾನ್ಯನು ತಾನೇ ಕೇಳಿಕೊಳ್ಳುವಂತೆ ಮಾತನಾಡಬೇಕು. ಗೇಣಿಯ ಗದ್ದೆ ಒಕ್ಕಲಿನ ಸ್ವಂತದ್ದಾದುದು ಕಾಯಿದೆಯಿಂದ. ಕಾಯಿದೆ ಬಂದುದು ಮತದಿಂದ. ಮತಕ್ಕೆ ಬೆಲೆ ಬರುವುದು ಸುದ್ದಿಗೂ ನ್ಯಾಯಕ್ಕೂ ದಾರಿ ತೆರೆದಿರುವಾಗ ಮಾತ್ರ. ಈ ಸರಳ ಸಂಬಂಧವನ್ನು ಜನರ ಮಾತಿನಲ್ಲಿ ಹೇಳುವ ಹೊಣೆ ರಾಜಕಾರಣಿಗಳದಷ್ಟೇ ಅಲ್ಲ, ಇತಿಹಾಸದ ಅಧ್ಯಾಪಕರದೂ ವಿದ್ಯಾರ್ಥಿಗಳದೂ ಆಗಿದೆ.