ಅಯಾನು ಚಲನಶೀಲತಾ ರೋಹಿತಮಾಪನದ ಇತಿಹಾಸ

ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿರುವ ರಾಸಾಯನಿಕಗಳನ್ನು, ಅವುಗಳ ಅಯಾನುಗಳು ವಿದ್ಯುತ್ ಕ್ಷೇತ್ರದಲ್ಲಿ ಸಾಗುವ ವೇಗದಿಂದ ಗುರುತಿಸುವ ವಿಧಾನವೇ ಅಯಾನು ಚಲನಶೀಲತಾ ರೋಹಿತಮಾಪನ. ಐಎಂಎಸ್ ಎಂಬ ಕಿರುಹೆಸರೇ ಹೆಚ್ಚು ರೂಢಿಯಲ್ಲಿದೆ. ವಿಮಾನ ನಿಲ್ದಾಣಗಳಲ್ಲಿ ಬ್ಯಾಗನ್ನು ಪಟ್ಟಿಯಿಂದ ಒರೆಸಿ ಸ್ಫೋಟಕದ ಸುಳಿವು ಹುಡುಕುವ ಯಂತ್ರಗಳಲ್ಲಿ ಬಹುಪಾಲು ಈ ತತ್ತ್ವದ ಮೇಲೆ ಕೆಲಸ ಮಾಡುತ್ತವೆ. ಸಣ್ಣ ಉಪಕರಣ ತಯಾರಕರೂ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳೂ ಕೈಜೋಡಿಸಿ ಬೆಳೆಸಿದ ತಂತ್ರಜ್ಞಾನಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಕಾರ್ಯವಿಧಾನ

ಹಲವು ಉಪಕರಣಗಳ ಒಳಗೆ ವಿಕಿರಣಶೀಲ ನಿಕ್ಕಲ್-63ರ ತೆಳುಹಾಳೆ ಇರುತ್ತದೆ. ಅದು ಹೊಮ್ಮಿಸುವ ಬೀಟಾ ಕಣಗಳು ಮೊದಲು ಗಾಳಿಯನ್ನು ಅಯಾನೀಕರಿಸುತ್ತವೆ. ಆ ವಿದ್ಯುದಂಶ ಬಳಿಕ ಮಾದರಿಯ ಅಣುಗಳಿಗೆ ದಾಟುತ್ತದೆ. ತಂತಿಗಳ ಜಾಲರಿಯೊಂದು ಬಾಗಿಲಿನಂತೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ ಕಾಲ ತೆರೆದುಕೊಂಡು, ಅಯಾನುಗಳ ಒಂದು ಗುಂಪನ್ನು ಕೆಲವು ಸೆಂಟಿಮೀಟರ್ ಉದ್ದದ ನಳಿಗೆಯೊಳಕ್ಕೆ ಬಿಡುತ್ತದೆ. ಎದುರಿನಿಂದ ಹರಿದುಬರುವ ಅನಿಲಕ್ಕೆ ಡಿಕ್ಕಿ ಹೊಡೆಯುತ್ತ ಅವು ಮುಂದೆ ಸಾಗುತ್ತವೆ. ಸಣ್ಣ ಅಯಾನುಗಳು ಮೊದಲು ಗುರಿ ಮುಟ್ಟುತ್ತವೆ, ದೊಡ್ಡವು ತಡವಾಗಿ. ಇದೆಲ್ಲ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಕ್ರಿಯೆ ಸಾಮಾನ್ಯ ವಾಯುಭಾರದಲ್ಲೇ ನಡೆಯುವುದರಿಂದ ಭಾರವಾದ ನಿರ್ವಾತ ಪಂಪಿನ ಅಗತ್ಯವಿಲ್ಲ. ಉಪಕರಣವನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿಸಲು ಸಾಧ್ಯವಾದದ್ದು ಇದರಿಂದಲೇ.

ಮೂಲ

ಎಕ್ಸ್ ಕಿರಣಗಳು ಗಾಳಿಯಲ್ಲಿ ಉಂಟುಮಾಡುವ ಅಯಾನುಗಳ ವೇಗವನ್ನು ಅರ್ನೆಸ್ಟ್ ರುದರ್‌ಫೋರ್ಡ್ 1897ರಲ್ಲಿ ಅಳೆದರು. ಪಾಲ್ ಲಾಂಜೆವಾಂ 1905ರಲ್ಲಿ ಈ ಚಲನೆಗೆ ಸಿದ್ಧಾಂತ ಒದಗಿಸಿದರು. ಬ್ರ್ಯಾಡ್‌ಬರಿ ಮತ್ತು ನೀಲ್ಸನ್ 1936ರಲ್ಲಿ ವಿವರಿಸಿದ ತಂತಿಜಾಲರಿಯ ಬಾಗಿಲು ಇಂದಿಗೂ ಬಳಕೆಯಲ್ಲಿದೆ. ಆದರೂ ಹಲವು ದಶಕಗಳ ಕಾಲ ಇದು ಭೌತವಿಜ್ಞಾನಿಗಳ ವಿಷಯವಾಗಿಯೇ ಉಳಿಯಿತು. ರಾಸಾಯನಿಕ ವಿಶ್ಲೇಷಣೆಯ ಸಾಧನವಾಗಲಿಲ್ಲ.

ಮೊದಲ ಸಹಯೋಗ

ಆ ತಿರುವು ಬಂದದ್ದು ಅಮೆರಿಕದ ಫ್ಲಾರಿಡಾದಲ್ಲಿ. ವೆಸ್ಟ್ ಪಾಮ್ ಬೀಚ್‌ನ ಫ್ರಾಂಕ್ಲಿನ್ ಜಿಎನ್‌ಒ ಎಂಬ ಸಂಸ್ಥೆಯಲ್ಲಿ ಮಾರ್ಟಿನ್ ಕೋಹೆನ್ ಮತ್ತು ಸಂಗಡಿಗರು ಈ ಉಪಕರಣವನ್ನು ರೂಪಿಸಿದರು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಫ್ರಾನ್ಸಿಸ್ ಕರಾಸೆಕ್ ಜತೆ ಸೇರಿ ಕೋಹೆನ್ 1970ರಲ್ಲಿ ಪ್ರಕಟಿಸಿದ ಪ್ರಬಂಧ ಅದನ್ನು 'ಪ್ಲಾಸ್ಮಾ ಕ್ರೊಮ್ಯಾಟೊಗ್ರಫಿ' ಎಂದು ಪರಿಚಯಿಸಿತು. ತಯಾರಕರು ಯಂತ್ರ ಕೊಟ್ಟರು. ಅದರಿಂದ ಏನೇನು ಅಳೆಯಬಹುದೆಂಬುದನ್ನು ಕರಾಸೆಕ್ ಅವರ ಪ್ರಯೋಗಾಲಯ ಒಂದೊಂದಾಗಿ ತೋರಿಸಿತು. 1974ರಲ್ಲಿ ಗಾಳಿಯಲ್ಲಿನ ಟಿಎನ್‌ಟಿ, 1976ರಲ್ಲಿ ಹೆರಾಯಿನ್ ಮತ್ತು ಕೊಕೇನ್ ಕುರಿತ ಅಧ್ಯಯನಗಳು ಅಲ್ಲಿಂದ ಹೊರಬಂದವು. ಮುಂದಿನ ಭದ್ರತಾ ಉಪಕರಣಗಳ ಬೀಜ ಇರುವುದು ಈ ಪ್ರಬಂಧಗಳಲ್ಲೇ.

ಹಿನ್ನಡೆ ಮತ್ತು ಚೇತರಿಕೆ

1970ರ ದಶಕದ ಕೊನೆಗೆ ಉತ್ಸಾಹ ತಗ್ಗಿತು. ಯಂತ್ರ ಮಾರುಕಟ್ಟೆಗೆ ಬಂದಷ್ಟು ಬೇಗ ಅದರೊಳಗಿನ ರಸಾಯನಶಾಸ್ತ್ರ ಅರ್ಥವಾಗಿರಲಿಲ್ಲ. ಮಾದರಿ ತುಸು ಹೆಚ್ಚಾದರೂ ಉಪಕರಣ ತುಂಬಿಹೋಗುತ್ತಿತ್ತು, ಹಿಂದಿನ ಮಾದರಿಯ ಶೇಷ ಮುಂದಿನ ಅಳತೆಯಲ್ಲೂ ಕಾಣಿಸಿಕೊಳ್ಳುತ್ತಿತ್ತು, ತೇವಾಂಶ ಫಲಿತಾಂಶವನ್ನು ಏರುಪೇರು ಮಾಡುತ್ತಿತ್ತು. ವಿಶ್ಲೇಷಕರು ಬಯಸಿದ ಸ್ಪಷ್ಟ ಬೇರ್ಪಡಿಕೆಯೂ ಸಿಗಲಿಲ್ಲ.

ಪರಿಹಾರ ಪ್ರಯೋಗಾಲಯಗಳಿಂದಲೇ ಬಂತು. ಕರಾಸೆಕ್ ಅವರ ಬಳಿ ಸಂಶೋಧನೆ ನಡೆಸಿದ್ದ ಹರ್ಬರ್ಟ್ ಹಿಲ್, ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬೇಮ್ ಎಂಬ ಸಂಶೋಧಕರ ಜತೆಗೂಡಿ 1982ರಲ್ಲಿ ಹೊಸ ವಿನ್ಯಾಸ ಪ್ರಕಟಿಸಿದರು. ಅನಿಲವನ್ನು ಒಂದೇ ದಿಕ್ಕಿನಲ್ಲಿ ಹರಿಸಿ, ವಿದ್ಯುದಂಶವಿಲ್ಲದ ಅಣುಗಳನ್ನು ಬೇಗ ಹೊರದಬ್ಬುವುದು ಅದರ ಮುಖ್ಯಾಂಶ. ಇದರಿಂದ ಶೇಷದ ಕಾಟ ಕಡಿಮೆಯಾಗಿ, ಐಎಂಎಸ್ ಅನಿಲ ಕ್ರೊಮ್ಯಾಟೊಗ್ರಫಿಗೆ ಹೊಂದುವ ಶೋಧಕವಾಯಿತು. 1983ರಲ್ಲಿ ಗ್ಲೆನ್ ಸ್ಪ್ಯಾಂಗ್ಲರ್ ಮತ್ತು ಸಹೋದ್ಯೋಗಿ ಪೊರೆಯ ಮೂಲಕ ಮಾದರಿಯನ್ನು ಒಳಬಿಡುವ ಕ್ರಮವನ್ನು ವಿವರಿಸಿದರು. ತೇವಾಂಶವನ್ನು ದೂರವಿಡುವ ದಾರಿ ಅದರಿಂದ ತೆರೆಯಿತು. ನ್ಯೂ ಮೆಕ್ಸಿಕೋ ಸ್ಟೇಟ್ ವಿಶ್ವವಿದ್ಯಾಲಯದ ಗ್ಯಾರಿ ಐಸ್ಮನ್ ಅಯಾನುಗಳ ರಾಸಾಯನಿಕ ವರ್ತನೆಯನ್ನು ವ್ಯವಸ್ಥಿತವಾಗಿ ಅಭ್ಯಸಿಸಿ, ಝೀವ್ ಕಾರ್ಪಾಸ್ ಜತೆ 1994ರಲ್ಲಿ ಈ ವಿಷಯದ ಪ್ರಮುಖ ಗ್ರಂಥ ಹೊರತಂದರು.

ರಕ್ಷಣೆ ಮತ್ತು ಭದ್ರತೆ

ಬ್ರಿಟನ್ನಿನ ಪೋರ್ಟನ್ ಡೌನ್ ರಕ್ಷಣಾ ಪ್ರಯೋಗಾಲಯದ ತಿಳಿವಳಿಕೆಯನ್ನು ಬಳಸಿಕೊಂಡು ವಾಟ್‌ಫರ್ಡ್‌ನ ಗ್ರೇಸ್‌ಬಿ ಸಂಸ್ಥೆ 1980ರ ದಶಕದಲ್ಲಿ ಕ್ಯಾಮ್ ಎಂಬ ಕೈಸಾಧನವನ್ನು ತಯಾರಿಸಿತು. ನರವಿಷಕ್ಕೂ ಚರ್ಮದ ಮೇಲೆ ಬೊಬ್ಬೆ ಎಬ್ಬಿಸುವ ವಿಷಕ್ಕೂ ಅದರಲ್ಲಿ ಬೇರೆಬೇರೆ ಸ್ಥಿತಿಗಳಿದ್ದವು; ಅಪಾಯ ಹೆಚ್ಚಿದಂತೆ ಪರದೆಯಲ್ಲಿ ಗೆರೆಗಳು ಏರುತ್ತಿದ್ದವು. ಒಳಗೆ ಅಸಿಟೋನ್ ಆವಿ ಬಳಸಿದ್ದು ಜಾಣ ಆಯ್ಕೆ. ಅಸಿಟೋನಿಗಿಂತ ಬಲವಾಗಿ ಪ್ರೋಟಾನನ್ನು ಹಿಡಿಯಬಲ್ಲ ಅಣುಗಳು ಮಾತ್ರ ಸಂಕೇತ ಕೊಡುವುದರಿಂದ, ನರವಿಷ ಪತ್ತೆಯಾಗುತ್ತದೆ, ಗಾಳಿಯಲ್ಲಿನ ಎಷ್ಟೋ ಸಾಮಾನ್ಯ ಆವಿಗಳು ಬದಿಗೆ ಸರಿಯುತ್ತವೆ. 1991ರ ಕೊಲ್ಲಿ ಯುದ್ಧದಲ್ಲಿ ಇದು ಬಳಕೆಯಾಯಿತು. ಫಿನ್ಲೆಂಡಿನ ಎನ್ವೈರಾನಿಕ್ಸ್ ಇದೇ ಉದ್ದೇಶಕ್ಕೆ ಬೇರೊಂದು ವಿನ್ಯಾಸ ಹಿಡಿಯಿತು.

1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್‌ಬಿಯ ಮೇಲೆ ವಿಮಾನವೊಂದು ಸ್ಫೋಟಗೊಂಡು 270 ಜನ ಸತ್ತ ದುರಂತ ಸ್ಫೋಟಕ ಪತ್ತೆಯನ್ನು ತುರ್ತು ಪ್ರಶ್ನೆಯಾಗಿಸಿತು. ಆರ್‌ಡಿಎಕ್ಸ್, ಪಿಇಟಿಎನ್‌ನಂಥ ಸ್ಫೋಟಕಗಳು ಆವಿಯಾಗುವುದು ತೀರ ಕಡಿಮೆ. ಬರಿ ಗಾಳಿಯನ್ನು ಮೂಸಿದರೆ ಸಿಗುವಂಥವಲ್ಲ. ಹೀಗಾಗಿ ಮೇಲ್ಮೈಗೆ ಅಂಟಿದ ಕಣಗಳನ್ನು ಒರೆಸಿ ತೆಗೆದು, ಬಿಸಿಮಾಡಿ ಆವಿಯಾಗಿಸುವ ಕ್ರಮ ಬಂತು. ಟೊರಾಂಟೊ ಮೂಲದ ಬ್ಯಾರಿಂಜರ್ ಸಂಸ್ಥೆಯ ಅಯಾನ್‌ಸ್ಕ್ಯಾನ್ ಇದಕ್ಕೆ ಹೆಸರುವಾಸಿ. 1992ರಲ್ಲಿ ನ್ಯೂ ಮೆಕ್ಸಿಕೋದ ಮೆಸ್ಕಲೆರೊದಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಕಾರ್ಯಾಗಾರದಿಂದ ಈ ಕ್ಷೇತ್ರಕ್ಕೆ ತನ್ನದೇ ಸಭೆಯ ಪರಂಪರೆ ಸಿಕ್ಕಿತು.

ಹೊಸ ಕವಲುಗಳು

ಸೋವಿಯತ್ ವಿಜ್ಞಾನಿಗಳು ಪ್ರಬಲವಾದ, ದಿಕ್ಕು ಬದಲಿಸುತ್ತಿರುವ ವಿದ್ಯುತ್ ಕ್ಷೇತ್ರಗಳಲ್ಲಿ ಅಯಾನುಗಳನ್ನು ಬೇರ್ಪಡಿಸುವ ವಿಧಾನ ಕಂಡುಕೊಂಡರು. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಅದನ್ನು ದ್ರವ್ಯರಾಶಿ ರೋಹಿತಮಾಪಕಕ್ಕೆ ಜೋಡಿಸಿದ ಕೆಲಸದಿಂದ ಅಯಾನಾಲಿಟಿಕ್ಸ್ ಹುಟ್ಟಿತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಿಂದ 2004ರಲ್ಲಿ ಹೊರಬಂದ ಔಲ್‌ಸ್ಟೋನ್ ಇದೇ ತತ್ತ್ವವನ್ನು ಚಿಪ್‌ಗೆ ಇಳಿಸಿ, ಉಸಿರಿನಲ್ಲಿನ ರಾಸಾಯನಿಕಗಳಿಂದ ರೋಗ ಗುರುತಿಸುವತ್ತ ಹೊರಳಿತು.

ಗ್ರೇಸ್‌ಬಿ 1997ರಲ್ಲಿ, ಬ್ಯಾರಿಂಜರ್ 2001ರಲ್ಲಿ ಬ್ರಿಟನ್ನಿನ ಸ್ಮಿತ್ಸ್ ಸಮೂಹಕ್ಕೆ ಸೇರಿದವು. ಸಾವಿರಾರು ಯಂತ್ರಗಳನ್ನು ಒಂದೇ ಮಟ್ಟದಲ್ಲಿ ತಯಾರಿಸಿ ಸುಸ್ಥಿತಿಯಲ್ಲಿಡಲು ದೊಡ್ಡ ಕಂಪನಿಯ ಬಲ ಬೇಕು. ಆದರೆ ಇಲ್ಲಿ ಹೊಸ ವಿಚಾರಗಳು ಮತ್ತೆ ಮತ್ತೆ ಮೊಳೆತದ್ದು, ಒಂದು ಮಾದರಿ ಯಂತ್ರವನ್ನು ಸಂಶೋಧಕನ ಮೇಜಿನ ಮೇಲಿಟ್ಟು, ಅವನು ಎತ್ತಿ ತೋರಿಸಿದ ದೋಷವನ್ನು ಮುಂದಿನ ಮಾದರಿಯಲ್ಲಿ ತಿದ್ದಿದ ಸಣ್ಣ ತಯಾರಕರ ನಡುವೆ. ಈ ಕ್ಷೇತ್ರಕ್ಕೆ ಅವರು ಕೊಟ್ಟ ಕೊಡುಗೆ ಮಾರಾಟದ ಅಂಕಿಗಳಿಗಿಂತ ಬಹಳ ದೊಡ್ಡದು.