ಹರಾಜು

ಅರಬ್ಬಿಯ ‘ಹರಾಜ್’ ಹಿಂದುಸ್ತಾನಿಯ ಮೂಲಕ ಕನ್ನಡಕ್ಕೆ ಬಂದು ‘ಹರಾಜು’ ಆಯಿತು. ಸಗಟು ಪೇಟೆಯ ‘ಮಂಡಿ’, ಕೇರಿಯ ‘ಮೊಹಲ್ಲಾ’ ಕೂಡ ವಲಸೆ ಬಂದವೇ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಎರಡೂ ಜೊತೆಯಾಗಿವೆ.

ಹರಾಜಿಗೆ ಬರುತ್ತಿದ್ದುದು ತರಕಾರಿ, ಜಪ್ತಿ ಮಾಲು, ಅಡವಿಟ್ಟ ಒಡವೆ. ಮನುಷ್ಯರ ವಿಷಯಕ್ಕೆ ಬಂದರೆ ‘ಮಾನ ಹರಾಜು’ ಎನ್ನುವುದು ಬೈಗುಳಕ್ಕೆ ಸಮ.

2008ರಲ್ಲಿ ಐಪಿಎಲ್ ಕ್ರಿಕೆಟ್ ಆಟಗಾರರನ್ನೇ ಹರಾಜಿಗಿಟ್ಟು ಇದನ್ನು ತಲೆಕೆಳಗು ಮಾಡಿತು: ಹರಾಜಾಗದೆ ಉಳಿಯುವುದೇ ಈಗ ಆಟಗಾರನಿಗೆ ಮುಜುಗರ. ಕರ್ನಾಟಕದ ಟಿ20 ಟೂರ್ನಿಯಾದ ಮಹಾರಾಜ ಟ್ರೋಫಿಗೆ 2024ರಲ್ಲಿ ಮೈಸೂರು ವಾರಿಯರ್ಸ್ ತಂಡ ರಾಹುಲ್ ದ್ರಾವಿಡ್ ಮಗ ಸಮಿತ್‌ರನ್ನು ಕೊಂಡದ್ದು 50,000 ರೂಪಾಯಿಗೆ. ಅಪ್ಪನ ಹೆಸರಿಗೆ ಸವಾಲು ಏರಲಿಲ್ಲ!

ಆದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲಿನಲ್ಲಿ ಆಟಗಾರರಿಗೆ ಹಣ ಕೂಗುವುದಿಲ್ಲ. 1986ರಿಂದ ಅಲ್ಲಿರುವುದು ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ. ಸಾಮಾನ್ಯವಾಗಿ ಕೊನೆಯ ಸ್ಥಾನದ ತಂಡಕ್ಕೆ ಮೊದಲ ಆಯ್ಕೆ. ಹುಡುಗನ ಬೆಲೆಯನ್ನು ಅಭಿಮಾನಿಗಳು ಲೆಕ್ಕ ಹಾಕುವುದು ಎಷ್ಟನೇ ಸರದಿಯಲ್ಲಿ ಅವನ ಹೆಸರು ಬಂತು ಎಂಬುದರ ಮೇಲೆ.